ಸರ್ಕಾರಿ ಪ್ರಕಟಣೆಗಳು ಹೆಚ್ಚಾದಾಗ ಗ್ರಂಥಾಲಯ ಏನು ಮಾಡಬೇಕು?

ಗ್ರಂಥಾಲಯವೆಂದರೆ ಪುಸ್ತಕಗಳನ್ನು ಕೂಡಿಡುವ ಜಾಗ ಎಂಬ ತಿಳಿವಳಿಕೆ ನಮ್ಮೆಲ್ಲರಲ್ಲೂ ಇದೆ. ಅಲ್ಲಿಂದ ಪುಸ್ತಕಗಳನ್ನು ಹೊರಗೆ ಹಾಕುತ್ತಾರೆ ಎಂದು ಕೇಳಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಅದರಲ್ಲೂ ಸರ್ಕಾರ ಅಚ್ಚು ಹಾಕಿಸಿದ ವರದಿ, ಗೆಜೆಟ್ಟು, ಜನಗಣತಿಯ ಸಂಪುಟಗಳು ರದ್ದಿ ಅಂಗಡಿಯ ತಕ್ಕಡಿಯಲ್ಲಿ ಕಂಡರೆ ಯಾರಿಗಾದರೂ ಎರಡು ಪ್ರಶ್ನೆ ಏಳುತ್ತವೆ. ಇದನ್ನು ಮಾರಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಇದರ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿದೆಯೇ?

ಈ ಎರಡು ಪ್ರಶ್ನೆಗಳಿಗೂ ಕಾನೂನಿನಲ್ಲೇ ಉತ್ತರ ಬರೆದಿಟ್ಟುಕೊಂಡ ದೇಶ ಅಮೆರಿಕ. ಅಲ್ಲಿನ ಗ್ರಂಥಾಲಯಗಳು ತಮಗೆ ಹೆಚ್ಚಾದ ಸರ್ಕಾರಿ ಪ್ರಕಟಣೆಗಳನ್ನು ಯಾವ ಕ್ರಮದಲ್ಲಿ ವಿಲೇವಾರಿ ಮಾಡುತ್ತವೆ, ಆ ಕ್ರಮ ಎಲ್ಲಿ ಮುಗ್ಗರಿಸಿದೆ, ಅದರಿಂದ ನಾವು ತಿಳಿಯಬೇಕಾದ್ದೇನು ಎಂಬುದನ್ನು ಇಲ್ಲಿ ನೋಡೋಣ.

ಹೆಚ್ಚಾಗುವುದು ಏಕೆ?

ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಮಾಡಿಕೊಳ್ಳಬೇಕು. ಕಚೇರಿಯ ಕಡತ ಬೇರೆ, ಸರ್ಕಾರಿ ಪ್ರಕಟಣೆ ಬೇರೆ. ಕಡತ ಒಂದೇ ಇರುತ್ತದೆ. ಅದರ ಜಾಗ ಪತ್ರಾಗಾರ. ಪ್ರಕಟಣೆ ಅಚ್ಚಾಗಿ ನೂರಾರು ಪ್ರತಿಗಳಲ್ಲಿ ಹೊರಬರುತ್ತದೆ; ಅದರ ಜಾಗ ಗ್ರಂಥಾಲಯ. ಆಯವ್ಯಯ ಪತ್ರ, ಆಯೋಗಗಳ ವರದಿ, ಶಾಸನಸಭೆಯ ನಡವಳಿ, ಕೃಷಿ ಇಲಾಖೆಯ ಕಿರುಹೊತ್ತಗೆ, ಭೂಗರ್ಭ ಇಲಾಖೆಯ ನಕ್ಷೆ, ಅಂಕಿಅಂಶಗಳ ವಾರ್ಷಿಕ ಸಂಪುಟ, ಇವೆಲ್ಲ ಸರ್ಕಾರಿ ಪ್ರಕಟಣೆಗಳೇ.

ಇಂಥವು ಗ್ರಂಥಾಲಯದಲ್ಲಿ ಹೆಚ್ಚಾಗಲು ಕಾರಣಗಳು ಹಲವು. ಇವು ಸಾಮಾನ್ಯವಾಗಿ ಕೊಂಡು ತಂದವಲ್ಲ, ತಾವಾಗಿ ಬಂದು ಸೇರುವಂಥವು. ವರ್ಷವರ್ಷವೂ ಬರುವ ಮಾಲಿಕೆಗಳಾದ್ದರಿಂದ ಬೆಳೆಯುತ್ತಲೇ ಹೋಗುತ್ತವೆ. ಒಮ್ಮೆ ಕರಡು, ಒಮ್ಮೆ ಬಿಡಿ ಸಂಚಿಕೆ, ಒಮ್ಮೆ ರಟ್ಟು ಕಟ್ಟಿದ ಸಂಪುಟ ಎಂದು ಒಂದೇ ವಿಷಯ ಮೂರು ರೂಪದಲ್ಲಿ ಬರುವುದೂ ಉಂಟು. ಕಟ್ಟಡ ಮಾತ್ರ ಇದ್ದಷ್ಟೇ ಇರುತ್ತದೆ. ಗ್ರಂಥಾಲಯವನ್ನು ಬೆಳೆಯುತ್ತಲೇ ಇರುವ ಜೀವಿಗೆ ಹೋಲಿಸಿದವರು ಡಾ. ಎಸ್.ಆರ್. ರಂಗನಾಥನ್. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳಲ್ಲಿ ಕೊನೆಯದು ಇದೇ. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು, 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಈ ವಿದ್ವಾಂಸರ ಮಾತಿನಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಬೆಳೆಯುವ ಜೀವಿ ಬೇಡದ್ದನ್ನು ಬಿಡಲೂಬೇಕು. ಗ್ರಂಥಪಾಲಕರು ಇದಕ್ಕೆ ‘ವೀಡಿಂಗ್’ ಎನ್ನುತ್ತಾರೆ, ಎಂದರೆ ಕಳೆ ತೆಗೆಯುವುದು. ಆದರೆ ಯಾವುದು ಪೈರು, ಯಾವುದು ಕಳೆ ಎಂಬ ನಿರ್ಣಯದಲ್ಲೇ ಎಲ್ಲ ಕಷ್ಟವೂ ಇರುವುದು.

ಠೇವಣಿ ಗ್ರಂಥಾಲಯಗಳು

ಅಮೆರಿಕದ ಕಾಂಗ್ರೆಸ್ಸು 1813ರಲ್ಲಿ ಒಂದು ನಿರ್ಣಯ ಮಾಡಿತು. ತನ್ನ ಎರಡೂ ಸದನಗಳ ನಡವಳಿ ಮತ್ತು ಕಾಗದಪತ್ರಗಳ ಅಚ್ಚಾದ ಪ್ರತಿಗಳನ್ನು ರಾಜಧಾನಿಯಲ್ಲೇ ಇಟ್ಟುಕೊಳ್ಳದೆ ರಾಜ್ಯಗಳಿಗೆ, ವಿಶ್ವವಿದ್ಯಾಲಯಗಳಿಗೆ, ಇತಿಹಾಸ ಸಂಘಗಳಿಗೆ ಕಳುಹಿಸಬೇಕು ಎಂಬುದು ಅದರ ಸಾರ. ದೂರದ ಊರಿನ ಪ್ರಜೆಗೂ ತನ್ನ ಸರ್ಕಾರ ಏನು ಮಾಡಿತೆಂದು ತಿಳಿಯಬೇಕು ಎಂಬುದು ಇದರ ಹಿಂದಿನ ಆಶಯ. ಮುಂದೆ 1861ರಲ್ಲಿ ಸರ್ಕಾರಿ ಮುದ್ರಣ ಕಚೇರಿ ಆರಂಭವಾಯಿತು. 1895ರ ಮುದ್ರಣ ಕಾಯಿದೆಯಿಂದ ಈ ಹಂಚಿಕೆಯ ಹೊಣೆಯೆಲ್ಲ ಆ ಕಚೇರಿಯ ‘ಸೂಪರಿಂಟೆಂಡೆಂಟ್ ಆಫ್ ಡಾಕ್ಯುಮೆಂಟ್ಸ್’ ಎಂಬ ಅಧಿಕಾರಿಗೆ ಬಂತು. 1962ರಲ್ಲಿ ಬಂದ ಇನ್ನೊಂದು ಕಾಯಿದೆ ಇಂದಿನ ವ್ಯವಸ್ಥೆಗೆ ರೂಪ ಕೊಟ್ಟಿತು. ಮುದ್ರಣ ಕಚೇರಿಯ ಹೆಸರು 2014ರ ಕೊನೆಯಲ್ಲಿ ಸರ್ಕಾರಿ ಪ್ರಕಾಶನ ಕಚೇರಿ ಎಂದು ಬದಲಾಗಿದೆ.

ಹೀಗೆ ಸರ್ಕಾರದ ಪ್ರಕಟಣೆಗಳನ್ನು ಉಚಿತವಾಗಿ ಪಡೆದು, ಯಾವ ಪ್ರಜೆ ಬಂದು ಕೇಳಿದರೂ ಉಚಿತವಾಗಿ ತೋರಿಸಲು ಒಪ್ಪಿಕೊಂಡ ಗ್ರಂಥಾಲಯಗಳನ್ನು ಠೇವಣಿ ಗ್ರಂಥಾಲಯಗಳು ಎನ್ನಬಹುದು. ಇಂಥವು ಅಮೆರಿಕದಾದ್ಯಂತ ಸಾವಿರದಷ್ಟಿವೆ. ಕಾಲೇಜು, ವಿಶ್ವವಿದ್ಯಾಲಯ, ನಗರದ ಸಾರ್ವಜನಿಕ ಗ್ರಂಥಾಲಯ, ನ್ಯಾಯಾಲಯದ ಗ್ರಂಥಾಲಯ ಎಲ್ಲವೂ ಇವುಗಳಲ್ಲಿ ಸೇರಿವೆ.

ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಆಯ್ದುಕೊಳ್ಳುವ ಗ್ರಂಥಾಲಯ. ತನ್ನ ಓದುಗರಿಗೆ ಬೇಕಾದ ವಿಷಯಗಳನ್ನು ಮಾತ್ರ ಇದು ಆರಿಸಿಕೊಳ್ಳುತ್ತದೆ. ಎರಡನೆಯದು ಪ್ರಾದೇಶಿಕ ಗ್ರಂಥಾಲಯ. ಇದು ಹಂಚಿಕೆಯಾಗುವ ಎಲ್ಲ ಪ್ರಕಟಣೆಗಳನ್ನೂ ಪಡೆಯಬೇಕು; ಪ್ರತಿಯೊಂದರ ಒಂದು ಪ್ರತಿಯನ್ನಾದರೂ ಕಾಗದದಲ್ಲೋ ಮೈಕ್ರೋ ರೂಪದಲ್ಲೋ ಕಾಯಂ ಆಗಿ ಇಟ್ಟುಕೊಳ್ಳಬೇಕು. ಸೂಪರಿಂಟೆಂಡೆಂಟರು ಅನುಮತಿ ಕೊಟ್ಟವಕ್ಕೆ ಮಾತ್ರ ವಿನಾಯಿತಿ. ಒಂದು ರಾಜ್ಯದಲ್ಲಿ ಇಂಥವು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಕೆಲವೆಡೆ ಒಂದೇ ಗ್ರಂಥಾಲಯ ಹಲವು ರಾಜ್ಯಗಳನ್ನು ನೋಡಿಕೊಳ್ಳುವುದೂ ಉಂಟು. ಉದಾಹರಣೆಗೆ ಮೇನ್ ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ರಾಜ್ಯಕ್ಕಲ್ಲದೆ ನೆರೆಯ ನ್ಯೂ ಹ್ಯಾಂಪ್‌ಷೈರ್ ಮತ್ತು ವರ್ಮಾಂಟ್ ರಾಜ್ಯಗಳಿಗೂ ಪ್ರಾದೇಶಿಕ ಗ್ರಂಥಾಲಯವಾಗಿ ಕೆಲಸ ಮಾಡುತ್ತಾ ಬಂದಿದೆ.

ವಿಲೇವಾರಿಯ ಇಡೀ ವ್ಯವಸ್ಥೆ ನಿಂತಿರುವುದು ಈ ಎರಡು ಬಗೆಯ ಮೇಲೆಯೇ. ಸಣ್ಣ ಗ್ರಂಥಾಲಯ ಕೈಬಿಡಬೇಕಾದರೆ ದೊಡ್ಡ ಗ್ರಂಥಾಲಯ ಕೈಹಿಡಿದಿರಬೇಕು.

ಆಸ್ತಿ ಯಾರದು?

ಠೇವಣಿ ಎಂಬ ಮಾತಿನ ಅರ್ಥ ಇಲ್ಲಿ ಮುಖ್ಯ. ಬ್ಯಾಂಕಿನಲ್ಲಿ ಇಟ್ಟ ಠೇವಣಿ ಬ್ಯಾಂಕಿನ ಸ್ವಂತದ್ದಲ್ಲ. ಹಾಗೆಯೇ ಈ ಗ್ರಂಥಾಲಯಗಳಿಗೆ ಬಂದ ಪ್ರಕಟಣೆಗಳು ಅವುಗಳ ಕಪಾಟಿನಲ್ಲಿ ಐವತ್ತು ವರ್ಷ ಇದ್ದರೂ ಒಕ್ಕೂಟ ಸರ್ಕಾರದ ಆಸ್ತಿಯೇ ಆಗಿರುತ್ತವೆ. ಗ್ರಂಥಾಲಯ ಪಾಲಕ ಮಾತ್ರ. ಹೀಗಾಗಿ ಗ್ರಂಥಪಾಲಕರಾಗಲಿ, ಕಾಲೇಜಿನ ಪ್ರಾಂಶುಪಾಲರಾಗಲಿ, ನಗರಸಭೆಯಾಗಲಿ ತಮ್ಮಷ್ಟಕ್ಕೆ ತಾವು ಇವನ್ನು ಮಾರುವಂತಿಲ್ಲ, ಸುಡುವಂತಿಲ್ಲ, ಯಾರಿಗೂ ಕೊಟ್ಟುಬಿಡುವಂತಿಲ್ಲ. ಕ್ರಮವೆಲ್ಲ ಮುಗಿದು ಕೊನೆಗೆ ಮಾರಾಟ ಮಾಡಿದರೂ ಬಂದ ಹಣ ಸರ್ಕಾರಕ್ಕೆ ಸೇರಬೇಕಾದ್ದೇ. ರದ್ದಿಯ ಆಸೆಗೆ ಪುಸ್ತಕ ಮಾರುವ ಪ್ರಸಂಗ ಇದರಿಂದ ತಪ್ಪುತ್ತದೆ.

ಐದು ವರ್ಷ, ಆಮೇಲೆ ಪಟ್ಟಿ

1962ರ ಕಾಯಿದೆ ಹೇಳುವ ಕ್ರಮವನ್ನು ಒಂದು ಕಲ್ಪಿತ ನಿದರ್ಶನದಿಂದ ತಿಳಿಯೋಣ. ಒಂದು ಸಣ್ಣ ಊರಿನ ಕಾಲೇಜು ಗ್ರಂಥಾಲಯ ಇದೆ ಎನ್ನಿ. ಅಲ್ಲಿ ಹಿಂದೆ ಕೃಷಿ ವಿಭಾಗ ಇತ್ತು, ಈಗ ಮುಚ್ಚಿದೆ. ಕೃಷಿ ಇಲಾಖೆಯ ಇನ್ನೂರು ವರದಿಗಳು ಧೂಳು ಹಿಡಿದು ಕುಳಿತಿವೆ.

ಮೊದಲನೆಯ ಹೆಜ್ಜೆ, ಅವಧಿ ನೋಡುವುದು. ಬಂದ ದಿನದಿಂದ ಐದು ವರ್ಷವಾದರೂ ಆ ಪ್ರಕಟಣೆಗಳನ್ನು ಇಟ್ಟುಕೊಂಡಿರಬೇಕು. ಇದಕ್ಕೆಂದೇ ಪ್ರತಿಯೊಂದರ ಮೇಲೂ ಬಂದ ತಾರೀಖಿನ ಮೊಹರು ಹಾಕುವ ರೂಢಿ.

ಎರಡನೆಯ ಹೆಜ್ಜೆ, ಪಟ್ಟಿ ಮಾಡುವುದು. ಪ್ರಕಟಣೆಯ ಹೆಸರು, ವರ್ಷ, ವರ್ಗಸಂಖ್ಯೆ ಬರೆದು ಪ್ರಾದೇಶಿಕ ಗ್ರಂಥಾಲಯಕ್ಕೆ ಕಳುಹಿಸಬೇಕು. ಈ ವರ್ಗಸಂಖ್ಯೆಯ ಪದ್ಧತಿ 1890ರ ದಶಕದಲ್ಲಿ ಅಡಿಲೇಡ್ ಹ್ಯಾಸ್ ಎಂಬ ಗ್ರಂಥಪಾಲಕಿ ಹಾಕಿಕೊಟ್ಟ ಬುನಾದಿಯ ಮೇಲೆ ಬೆಳೆದದ್ದು. ಇದರಲ್ಲಿ ಪುಸ್ತಕಗಳನ್ನು ವಿಷಯದಿಂದಲ್ಲ, ಹೊರತಂದ ಇಲಾಖೆಯಿಂದ ಗುರುತಿಸುತ್ತಾರೆ. ಆದ್ದರಿಂದ ಒಂದು ಇಲಾಖೆಯ ಮಾಲಿಕೆಯಲ್ಲಿ ಯಾವ ವರ್ಷದ್ದು ಇದೆ, ಯಾವುದು ಇಲ್ಲ ಎಂದು ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಸಾಕು, ಗೊತ್ತಾಗುತ್ತದೆ.

ಮೂರನೆಯದು, ಪ್ರಾದೇಶಿಕ ಗ್ರಂಥಾಲಯದ ಪರಿಶೀಲನೆ. ತನ್ನಲ್ಲಿರುವ ಪ್ರತಿ ಕಳೆದುಹೋಗಿದ್ದರೆ, ಹಾಳೆ ಹರಿದಿದ್ದರೆ, ಅಥವಾ ತನಗೆ ಬಂದೇ ಇರದಿದ್ದರೆ ಅದು ಈ ಪಟ್ಟಿಯಿಂದ ತನಗೆ ಬೇಕಾದ್ದನ್ನು ಕೇಳಿ ಪಡೆಯುತ್ತದೆ. ದೊಡ್ಡ ಸಂಗ್ರಹದ ತೂತುಗಳನ್ನು ಮುಚ್ಚಲು ಸಣ್ಣ ಸಂಗ್ರಹದ ಹೆಚ್ಚುವರಿ ಹೀಗೆ ಒದಗಿ ಬರುತ್ತದೆ.

ನಾಲ್ಕನೆಯದು, ನೆರೆಹೊರೆಗೆ ನೀಡುವುದು. ಪ್ರಾದೇಶಿಕ ಗ್ರಂಥಾಲಯ ಬೇಡವೆಂದದ್ದನ್ನು ಅದೇ ಪ್ರದೇಶದ ಇತರ ಠೇವಣಿ ಗ್ರಂಥಾಲಯಗಳ ಮುಂದಿಡಬೇಕು. ಅಲ್ಲೂ ಬೇಡವಾದರೆ ಠೇವಣಿ ವ್ಯವಸ್ಥೆಗೆ ಸೇರದ ಗ್ರಂಥಾಲಯಗಳಿಗೆ ನೀಡಬೇಕು. ಜೊತೆಗೆ ದೇಶಕ್ಕೆಲ್ಲ ಅನ್ವಯಿಸುವ ‘ಬೇಕು-ಕೊಡುವೆವು’ ಪಟ್ಟಿಯೊಂದು ಬಹುಕಾಲದಿಂದ ನಡೆದುಬಂದಿದೆ. ಮೊದಲು ಟಪಾಲಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಓಡಾಡುತ್ತಿದ್ದ ಈ ಪಟ್ಟಿಗೆ 2018ರಿಂದ ಪ್ರಕಾಶನ ಕಚೇರಿಯದೇ ಒಂದು ವಿನಿಮಯ ತಾಣ ಬಂದಿದೆ. ಒಂದೆಡೆ ಒಬ್ಬರು ತಮಗೆ ಬೇಡದ್ದನ್ನು ನಮೂದಿಸುತ್ತಾರೆ. ಇನ್ನೊಂದೆಡೆ ಮತ್ತೊಬ್ಬರು ತಮಗೆ ಬೇಕಾದ್ದನ್ನು ನಮೂದಿಸುತ್ತಾರೆ. ಎರಡೂ ತಾಳೆಯಾದರೆ ಪುಸ್ತಕ ಊರು ಬದಲಿಸುತ್ತದೆ.

ಐದನೆಯದು ಕೊನೆಯ ಹೆಜ್ಜೆ. ಯಾರೂ ಕೇಳದೆ ಉಳಿದದ್ದನ್ನು ಶಾಲೆಗಳಿಗೆ, ಆಸಕ್ತರಿಗೆ ಕೊಡಬಹುದು; ಅದೂ ಆಗದಿದ್ದರೆ ಕಾಗದದ ಮರುಬಳಕೆಗೆ ಹಾಕಬಹುದು. ಆಗಲೂ ಗ್ರಂಥಾಲಯದ ಮೊಹರಿನ ಮೇಲೆ ‘ಹಿಂತೆಗೆಯಲಾಗಿದೆ’ ಎಂದು ಗುರುತು ಮಾಡಿ, ಸೂಚಿಯಿಂದಲೂ ಹೆಸರು ತೆಗೆಯಬೇಕು. ಇಲ್ಲದಿದ್ದರೆ ಸೂಚಿಯಲ್ಲಿ ಇದೆ, ಕಪಾಟಿನಲ್ಲಿ ಇಲ್ಲ ಎಂಬ ಗೊಂದಲದಲ್ಲಿ ಓದುಗ ಅಲೆಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಇನ್ನೂರು ವರದಿಗೆ ಇಷ್ಟು ತಾಪತ್ರಯವೇ ಎಂದು ಅಲ್ಲಿನ ಗ್ರಂಥಪಾಲಕರೂ ಗೊಣಗುವುದುಂಟು. ಆದರೆ ಕ್ರಮದ ತಾತ್ಪರ್ಯ ಸರಳ. ಒಂದು ಗ್ರಂಥಾಲಯಕ್ಕೆ ಬೇಡವಾದದ್ದು ದೇಶಕ್ಕೇ ಬೇಡವಾದದ್ದು ಎಂದು ಯಾರೂ ಒಬ್ಬರೇ ತೀರ್ಮಾನಿಸುವಂತಿಲ್ಲ.

ಪಟ್ಟಿಯಿಲ್ಲದೆ ತೆಗೆಯಬಹುದಾದವು

ಎಲ್ಲದಕ್ಕೂ ಐದು ವರ್ಷ ಕಾಯಬೇಕಿಲ್ಲ. ಹೊಸದು ಬಂದಾಗ ಹಳೆಯದರ ಕೆಲಸ ಮುಗಿಯುವಂಥ ಪ್ರಕಟಣೆಗಳು ಕೆಲವಿವೆ. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಮೊದಲು ಬಿಡಿ ಹಾಳೆಗಳಲ್ಲಿ ಬರುತ್ತದೆ, ಆಮೇಲೆ ಪ್ರಾಥಮಿಕ ಮುದ್ರಣವಾಗಿ, ಕೊನೆಗೆ ರಟ್ಟಿನ ಸಂಪುಟವಾಗಿ ಬರುತ್ತದೆ. ಸಂಪುಟ ಕೈಸೇರಿದ ಮೇಲೆ ಬಿಡಿ ಹಾಳೆಗಳನ್ನು ತೆಗೆಯಬಹುದು. ಹಾಳೆ ಬದಲಿಸುವ ನಿಯಮಪುಸ್ತಕಗಳಲ್ಲಿ ಹೊಸ ಹಾಳೆ ಸೇರಿಸಿ ಹಳೆಯದನ್ನು ಬಿಸಾಡಬಹುದು. ಒಂದೇ ಪ್ರಕಟಣೆಯ ಎರಡನೆಯ ಪ್ರತಿಯೂ ಇದೇ ಸಾಲಿಗೆ ಸೇರುತ್ತದೆ.

ಸರ್ಕಾರದ ಇಲಾಖೆಗಳು ತಾವೇ ನಡೆಸುವ ಗ್ರಂಥಾಲಯಗಳಿಗೆ ಬೇರೆ ನಿಯಮ. ಅವು ತಮಗೆ ಬೇಡವಾದ ಪ್ರಕಟಣೆಗಳನ್ನು ಮೊದಲು ಲೈಬ್ರರಿ ಆಫ್ ಕಾಂಗ್ರೆಸ್ಸಿಗೂ ರಾಷ್ಟ್ರೀಯ ಪತ್ರಾಗಾರಕ್ಕೂ ನೀಡಿ ನೋಡಬೇಕು. ಅವು ಬೇಡವೆಂದ ಮೇಲೆಯೇ ವಿಲೇವಾರಿ.

ಕ್ರಮ ಮುಗ್ಗರಿಸಿದ ಸಂದರ್ಭಗಳು

ಆಸ್ತಿ ಸರ್ಕಾರದ್ದು ಎಂಬ ನಿಯಮ ಪುಸ್ತಕಗಳನ್ನು ಕಾಪಾಡುತ್ತದೆ ಎಂದೆವು. ಅದೇ ನಿಯಮ ಇನ್ನೊಂದು ಕಡೆಯಿಂದಲೂ ಹರಿತವಾಗಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, ಅದೇ ಅಕ್ಟೋಬರ್ ತಿಂಗಳಲ್ಲಿ, ದೇಶದ ದೊಡ್ಡ ಕುಡಿಯುವ ನೀರಿನ ಮೂಲಗಳ ಬಗ್ಗೆ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ಹೊರತಂದಿದ್ದ ಒಂದು ಸಿ.ಡಿ.ಯನ್ನು ನಾಶ ಮಾಡುವಂತೆ ಠೇವಣಿ ಗ್ರಂಥಾಲಯಗಳಿಗೆ ಸೂಚನೆ ಬಂತು. ಮುನ್ನೂರಕ್ಕೂ ಹೆಚ್ಚು ಗ್ರಂಥಾಲಯಗಳಲ್ಲಿ ಆ ಸಿ.ಡಿ. ಇತ್ತು. ಆಸ್ತಿ ಸರ್ಕಾರದ್ದಾದ್ದರಿಂದ ಗ್ರಂಥಾಲಯಗಳು ಇಲ್ಲವೆನ್ನುವಂತಿರಲಿಲ್ಲ. ತಮ್ಮ ಊರಿನ ನೀರಿನ ವಿಷಯ ತಿಳಿಯುವ ಹಕ್ಕು ದೊಡ್ಡದೋ, ದೇಶದ ಭದ್ರತೆ ದೊಡ್ಡದೋ ಎಂಬ ಚರ್ಚೆ ಆಗ ಬಹಳ ನಡೆಯಿತು.

2004ರ ಜುಲೈನಲ್ಲಿ ಇನ್ನೊಂದು ಪ್ರಸಂಗ. ಅಪರಾಧಕ್ಕೆ ಸಂಬಂಧಿಸಿದ ಆಸ್ತಿಯ ಮುಟ್ಟುಗೋಲು ವಿಚಾರವಾಗಿ ತಾನು ಹೊರತಂದ ಐದು ಪ್ರಕಟಣೆಗಳನ್ನು ನಾಶ ಮಾಡಿಸಬೇಕೆಂದು ನ್ಯಾಯ ಇಲಾಖೆ ಕೇಳಿತು. ಅವು ಇಲಾಖೆಯ ಒಳಬಳಕೆಗೆ ಮಾತ್ರ ಎಂಬುದು ಅದರ ವಾದ. ಆದರೆ ಅವುಗಳಲ್ಲಿ ಎರಡರಲ್ಲಿ ಇದ್ದದ್ದು ಕಾನೂನಿನ ಪಾಠವೇ. ಕಾನೂನನ್ನೇ ಪ್ರಜೆಯಿಂದ ಮರೆಮಾಡುವುದು ಹೇಗೆ ಎಂದು ಅಮೆರಿಕದ ಗ್ರಂಥಾಲಯ ಸಂಘ ಪ್ರತಿಭಟಿಸಿತು. ಕೆಲವೇ ದಿನಗಳಲ್ಲಿ ಇಲಾಖೆ ತನ್ನ ಕೋರಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿತು.

ಮೂರನೆಯದು ಅವಸರದ ಕಥೆ. 2006ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಖರ್ಚು ಉಳಿಸಲೆಂದು ಶಿಕಾಗೊ, ಡಲ್ಲಾಸ್, ಕನ್ಸಾಸ್ ಸಿಟಿಗಳಲ್ಲಿದ್ದ ತನ್ನ ಪ್ರಾದೇಶಿಕ ಗ್ರಂಥಾಲಯಗಳನ್ನು ಮುಚ್ಚಿತು. ವಾಷಿಂಗ್ಟನ್ನಿನ ಕೇಂದ್ರ ಕಚೇರಿಯ ಗ್ರಂಥಾಲಯದ ಬಾಗಿಲನ್ನೂ ಓದುಗರಿಗೆ ಹಾಕಿತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತೇವೆ ಎಂಬ ಭರವಸೆ ಇತ್ತು. ಆದರೆ ಯಾವ ವರದಿ ಎಲ್ಲಿಗೆ ಹೋಗಬೇಕು, ಯಾವುದನ್ನು ತೆಗೆಯಬಹುದು ಎಂಬ ತೀರ್ಮಾನವಾಗುವ ಮೊದಲೇ ಪುಸ್ತಕಗಳು ಚದುರಿಹೋದವು. ಕಾರ್ಖಾನೆಯ ವಿಷದಿಂದ ಕೆಟ್ಟ ಮಣ್ಣು, ನೀರಿನ ಬಗ್ಗೆ ಹಳೆಯ ಪರೀಕ್ಷೆಯ ಅಂಕಿಗಳು ಬೇಕಾದ ವಿಜ್ಞಾನಿಗಳೇ ಇದನ್ನು ವಿರೋಧಿಸಿದರು. ಸಂಸತ್ತಿನ ಲೆಕ್ಕಪರಿಶೋಧಕರು 2008ರಲ್ಲಿ ಆಕ್ಷೇಪಿಸಿದರು. ಕಾಂಗ್ರೆಸ್ಸು ಹಣ ಕೊಟ್ಟು ಆದೇಶಿಸಿದ ಮೇಲೆ ಅದೇ ವರ್ಷ ಆ ಗ್ರಂಥಾಲಯಗಳು ಮತ್ತೆ ತೆರೆದವು. ಬಾಗಿಲು ತೆರೆಯುವುದು ಸುಲಭ. ಚದುರಿದ ಮಾಲಿಕೆಯನ್ನು ಮತ್ತೆ ಜೋಡಿಸುವುದು ಅಷ್ಟು ಸುಲಭವಲ್ಲ.

ಕಂಪ್ಯೂಟರು ಬಂದ ಮೇಲೆ

ಕಾಗದದ ಬದಲು ಬೇರೆ ರೂಪ ಎಂಬ ಯೋಚನೆ ಹೊಸದೇನಲ್ಲ. 1970ರ ದಶಕದ ಕೊನೆಯಿಂದ ಅಮೆರಿಕದ ಮುದ್ರಣ ಕಚೇರಿ ಬಹಳಷ್ಟು ಪ್ರಕಟಣೆಗಳನ್ನು ಮೈಕ್ರೋಫಿಷ್ ರೂಪದಲ್ಲಿ ಹಂಚತೊಡಗಿತು. ಅಂಗೈಯಗಲದ ಒಂದು ಹಾಳೆಯಲ್ಲಿ 98 ಪುಟಗಳವರೆಗೆ ಹಿಡಿಸುತ್ತಿತ್ತು. ಕಪಾಟು ಉಳಿಯಿತು, ಆದರೆ ಓದಲು ಯಂತ್ರ ಬೇಕಾಯಿತು. 1994ರಲ್ಲಿ ಮುದ್ರಣ ಕಚೇರಿಯ ಮೊದಲ ಕಂಪ್ಯೂಟರ್ ಸೇವೆ ಬಂತು. ಈಗ ಅದರ ಸ್ಥಾನದಲ್ಲಿ ‘ಗವ್‌ಇನ್ಫೋ’ ಎಂಬ ತಾಣವಿದೆ. ಪ್ರಕಟಣೆ ಅಸಲಿಯೇ ಎಂದು ಖಚಿತಪಡಿಸುವ ಅಂಕೀಯ ಸಹಿಯನ್ನೂ ಅಲ್ಲಿ ಹಾಕಿಡುತ್ತಾರೆ.

ಹಾಗಾದರೆ ಕಾಗದದ ಪ್ರತಿಗಳನ್ನೆಲ್ಲ ತೆಗೆದುಬಿಡಬಹುದೇ? ಕಾಯಂ ಆಗಿ ಇಟ್ಟುಕೊಳ್ಳಬೇಕಾದ ಪ್ರಾದೇಶಿಕ ಗ್ರಂಥಾಲಯಗಳೂ ಜಾಗ ಸಾಲದೆ ಇದೇ ಪ್ರಶ್ನೆ ಕೇಳಿದವು. 2010ರ ದಶಕದಲ್ಲಿ ರೂಪುಗೊಂಡ ನೀತಿಯೊಂದು ಇದಕ್ಕೆ ಮಧ್ಯಮ ಮಾರ್ಗ ಸೂಚಿಸಿತು. ಕಂಪ್ಯೂಟರಿನಲ್ಲಿ ಸಹಿಯುಳ್ಳ ಅಧಿಕೃತ ಪ್ರತಿ ಇರಬೇಕು. ಗ್ರಂಥಾಲಯ ಅದನ್ನು ಏಳು ವರ್ಷವಾದರೂ ಇಟ್ಟುಕೊಂಡಿರಬೇಕು. ದೇಶದ ಬೇರೆ ಬೇರೆ ಭಾಗಗಳಲ್ಲಿ ಒಟ್ಟು ನಾಲ್ಕು ಪ್ರತಿಗಳಾದರೂ ಭೌತಿಕ ರೂಪದಲ್ಲಿ ಉಳಿದಿರಬೇಕು. ಆಗ ಮಾತ್ರ ಪ್ರಾದೇಶಿಕ ಗ್ರಂಥಾಲಯ ಕೈಬಿಡಬಹುದು. ನಾಲ್ಕೂ ಒಂದೇ ಊರಿನಲ್ಲಿದ್ದರೆ ಪ್ರಯೋಜನವಿಲ್ಲ. ಒಂದು ಪ್ರವಾಹಕ್ಕೋ ಬೆಂಕಿಗೋ ಎಲ್ಲವೂ ಸಿಕ್ಕಬಾರದು ಎಂಬುದೇ ಇಲ್ಲಿನ ಲೆಕ್ಕ.

ಆಗ್ನೇಯ ರಾಜ್ಯಗಳ ಗ್ರಂಥಾಲಯಗಳು ಇನ್ನೊಂದು ಜಾಣತನದ ದಾರಿ ಹಿಡಿದಿವೆ. ಎಲ್ಲರೂ ಎಲ್ಲವನ್ನೂ ಇಡುವ ಬದಲು ಒಬ್ಬೊಬ್ಬರು ಒಂದೊಂದು ಇಲಾಖೆಯನ್ನು ವಹಿಸಿಕೊಂಡರು. 1930ರ ದಶಕದ ನಿರುದ್ಯೋಗ ಪರಿಹಾರ ಕಾಮಗಾರಿಗಳ ಪ್ರಕಟಣೆಗಳನ್ನು ಕೆಂಟಕಿ ವಿಶ್ವವಿದ್ಯಾಲಯ, ಶಿಕ್ಷಣ ಇಲಾಖೆಯದನ್ನು ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯ, ಪನಾಮಾ ಕಾಲುವೆಯದನ್ನು ಫ್ಲಾರಿಡಾ ವಿಶ್ವವಿದ್ಯಾಲಯ ಪೂರ್ಣಗೊಳಿಸಲು ಹೊರಟವು. ಉಳಿದವರಿಗೆ ಹೆಚ್ಚಾದದ್ದು ಮೊದಲು ಆ ಕೇಂದ್ರಕ್ಕೆ ಹೋಗುತ್ತದೆ. ಒಬ್ಬರ ಹೆಚ್ಚುವರಿ ಇನ್ನೊಬ್ಬರ ಕೊರತೆಯನ್ನು ತುಂಬುತ್ತದೆ.

ನಮ್ಮಲ್ಲಿ ಹೇಗಿದೆ?

ನಮ್ಮ ದೇಶದಲ್ಲಿ 1954ರ ಗ್ರಂಥಗಳ ಒಪ್ಪಿಸುವಿಕೆ ಕಾಯಿದೆ ಇದೆ. ಪ್ರಕಾಶಕರು ತಾವು ಹೊರತಂದ ಪುಸ್ತಕವನ್ನು ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಬೇಕು. ಕಚೇರಿಯ ಒಳಬಳಕೆಗೆ ಮೀಸಲಾದವನ್ನು ಬಿಟ್ಟರೆ ಸರ್ಕಾರ ಹೊರತಂದ ಪುಸ್ತಕಗಳಿಗೂ ಇದು ಅನ್ವಯಿಸುತ್ತದೆ. ಕಡತಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ. 1892ಕ್ಕಿಂತ ಹಿಂದಿನ ದಾಖಲೆಯನ್ನು, ಅದು ಯಾವ ಬಳಕೆಗೂ ಬಾರದಷ್ಟು ಹಾಳಾಗಿದ್ದರೆ ಹೊರತು, ನಾಶ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ.

ಕೇಂದ್ರ ಸರ್ಕಾರದ ಸಂಸ್ಥೆಗಳ ಗ್ರಂಥಾಲಯಗಳಿಗೆ ಸಾಮಾನ್ಯ ಹಣಕಾಸು ನಿಯಮಗಳು ಪುಸ್ತಕಗಳ ಎಣಿಕೆಯ ಕ್ರಮ ಹೇಳುತ್ತವೆ. 20,000 ಸಂಪುಟಗಳವರೆಗೆ ಇದ್ದರೆ ಪ್ರತಿ ವರ್ಷ ಪೂರ್ತಿ ಎಣಿಕೆ. 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆಯಾದರೂ. ಅದಕ್ಕಿಂತ ಹೆಚ್ಚಿದ್ದರೆ ಮಾದರಿ ಎಣಿಕೆ. ಎರವಲು ಹೋದ ಮತ್ತು ನೋಡಲು ತೆಗೆದ ಸಾವಿರ ಸಂಪುಟಗಳಲ್ಲಿ ವರ್ಷಕ್ಕೆ ಐದು ಕಳೆದುಹೋದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದನ್ನು ಸಹಜವೆಂದು ಒಪ್ಪಬಹುದು. ಈ ನಿಯಮ ಕಳೆದುಹೋದ ಪುಸ್ತಕದ ಲೆಕ್ಕಕ್ಕೆ. ಇರುವ ಪುಸ್ತಕವನ್ನು ತೆಗೆಯುವ ಮೊದಲು ಬೇರೆಯವರನ್ನು ಕೇಳಬೇಕು ಎಂಬ ಅಮೆರಿಕದ ಏರ್ಪಾಡು ಇದಕ್ಕಿಂತ ಬೇರೆಯದು. ಆಡಿಟ್ಟಿಗೆ ಉತ್ತರ ಹೇಳಬೇಕಲ್ಲ ಎಂಬ ಭಯದಿಂದ ನಮ್ಮ ಗ್ರಂಥಪಾಲಕರು ಏನನ್ನೂ ತೆಗೆಯದೆ ಗೆದ್ದಲಿಗೆ ಬಿಡುವುದೂ ಉಂಟು. ಕಟ್ಟಡ ಬದಲಾಗುವಾಗ ಒಮ್ಮೆಲೇ ಮೂಟೆ ಕಟ್ಟಿ ಕಳುಹಿಸುವುದೂ ಉಂಟು. ಎರಡರಿಂದಲೂ ಪುಸ್ತಕಕ್ಕೆ ಉಳಿಗಾಲವಿಲ್ಲ.

ಕನ್ನಡಿಗರಿಗೆ ಈ ವಿಷಯ ಇನ್ನೂ ಹತ್ತಿರದ್ದು. 1956ರ ಏಕೀಕರಣಕ್ಕೆ ಮೊದಲು ನಾವು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದೆವು. ಧಾರವಾಡ, ಬೆಳಗಾವಿಯ ಸರ್ಕಾರಿ ವರದಿಗಳು ಮುಂಬಯಿ ಸರ್ಕಾರದ್ದು, ಕಲಬುರಗಿ, ರಾಯಚೂರಿನದು ಹೈದರಾಬಾದಿನದು, ಮಂಗಳೂರಿನದು ಮದರಾಸಿನದು, ಬಳ್ಳಾರಿಯದೂ 1953ರವರೆಗೆ ಮದರಾಸಿನದೇ, ಕೊಡಗಿನದು ಬೇರೆ. ಒಂದು ಜಿಲ್ಲೆಯ ಕೆರೆ, ಕಂದಾಯ, ಬರಗಾಲದ ಚರಿತ್ರೆ ಬರೆಯಲು ಹೊರಟವರು ನಾಲ್ಕು ರಾಜಧಾನಿಗಳಲ್ಲಿ ಹುಡುಕಬೇಕು. ಅಲ್ಲಿನ ಗ್ರಂಥಾಲಯಕ್ಕೆ ಆ ಸಂಪುಟ ಈಗ ಹೊರರಾಜ್ಯದ ಹಳೆಯ ವರದಿ, ಹೆಚ್ಚುವರಿ. ನಮಗೆ ಅದು ನಮ್ಮ ಊರಿನ ಕಥೆ. 1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಅಚ್ಚಾದ ನಡವಳಿಗಳನ್ನು ನೋಡಿ. ಅವು ಹಂಚಿಕೆಯಾದ ಕಾಲದಲ್ಲಿ ಬರೀ ಕಚೇರಿ ಕಾಗದವೆನಿಸಿರಬಹುದು. ಇಂದು ರೈತರು, ವರ್ತಕರು ಸಭೆಯಲ್ಲಿ ದಿವಾನರ ಮುಂದೆ ಏನು ಕೇಳಿದರು ಎಂದು ತಿಳಿಯಲು ಅವೇ ಆಧಾರ.

ನಮ್ಮ ಪುಸ್ತಕಗಳು ದೂರದಲ್ಲಿ ಉಳಿದ ಬಗೆಯೂ ಸ್ವಾರಸ್ಯವಾಗಿದೆ. ಅಮೆರಿಕದ ‘ಪಿ.ಎಲ್. 480’ ಕಾಯಿದೆಯಂತೆ ಭಾರತ ಗೋಧಿಗೆ ಕೊಟ್ಟ ರೂಪಾಯಿಯ ಒಂದು ಭಾಗದಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನೂ ಸರ್ಕಾರಿ ಪ್ರಕಟಣೆಗಳನ್ನೂ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡವೂ ಅವುಗಳಲ್ಲಿ ಸೇರಿತ್ತು. ಹೀಗಾಗಿ ನಮ್ಮಲ್ಲಿ ಸಿಗದ ಕೆಲವು ಪುಸ್ತಕಗಳು ಶಿಕಾಗೊದಂಥ ಊರುಗಳಲ್ಲಿ ಸಿಗುತ್ತವೆ.

ಕಂಪ್ಯೂಟರಿಗೆ ಹಾಕುವ ವಿಷಯದಲ್ಲಿ ಒಂದು ಕಾನೂನಿನ ಅಂತರವೂ ಇದೆ. ಅಮೆರಿಕದ ಒಕ್ಕೂಟ ಸರ್ಕಾರದ ಬರಹಗಳಿಗೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಯಾರು ಬೇಕಾದರೂ ಪ್ರತಿ ಮಾಡಬಹುದು. ನಮ್ಮಲ್ಲಿ 1957ರ ಕಾಯಿದೆಯಂತೆ ಸರ್ಕಾರದ ಪ್ರಕಟಣೆಗೂ 60 ವರ್ಷ ಹಕ್ಕುಸ್ವಾಮ್ಯವುಂಟು. ಗೆಜೆಟ್ಟು, ಶಾಸನಸಭೆಯಲ್ಲಿ ಮಂಡಿಸಿದ ಸಮಿತಿಗಳ ವರದಿ ಮೊದಲಾದವುಗಳಿಗೆ ವಿನಾಯಿತಿಯಿದೆ. ಭಾರತದ ಗೆಜೆಟ್ಟಿನ ಕಾಗದದ ಮುದ್ರಣವೇ 2015ರಲ್ಲಿ ನಿಂತಿದೆ. ಈಗ ಅದು ಕಂಪ್ಯೂಟರಿನಲ್ಲಿ ಮಾತ್ರ. ಅಂದಮೇಲೆ ಅದಕ್ಕಿಂತ ಹಿಂದಿನ ಕಾಗದದ ಸಂಪುಟಗಳಿಗೆ ಬೆಲೆ ಇನ್ನೂ ಹೆಚ್ಚಾಗಬೇಕು.

ಸಣ್ಣ ಗ್ರಂಥಾಲಯ ಮಾಡಬಹುದಾದದ್ದು

ತಾಲ್ಲೂಕು ಕೇಂದ್ರದ ಗ್ರಂಥಾಲಯವೋ ಕಾಲೇಜಿನ ಗ್ರಂಥಾಲಯವೋ ಸರ್ಕಾರಿ ಪ್ರಕಟಣೆಗಳನ್ನು ತೆಗೆಯಬೇಕಾಗಿ ಬಂದರೆ, ಹೊಸ ಕಾಯಿದೆಗೆ ಕಾಯದೆಯೇ ಕೆಲವು ಕೆಲಸ ಮಾಡಬಹುದು.

ತೆಗೆಯುವ ಮೊದಲು ಪಟ್ಟಿ ಮಾಡಿ. ಹೆಸರು, ವರ್ಷ, ಹೊರತಂದ ಇಲಾಖೆ, ಪುಸ್ತಕದ ಸ್ಥಿತಿ, ಇಷ್ಟು ಸಾಕು. ಆ ಪಟ್ಟಿಯನ್ನು ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ, ಹತ್ತಿರದ ವಿಶ್ವವಿದ್ಯಾಲಯಕ್ಕೆ, ರಾಜ್ಯ ಪತ್ರಾಗಾರಕ್ಕೆ ಕಳುಹಿಸಿ ಒಂದು ಗಡುವು ಕೊಡಿ. ತಮ್ಮದೇ ಜಿಲ್ಲೆಗೆ ಸಂಬಂಧಿಸಿದ ಪ್ರಕಟಣೆಯನ್ನು ಎಂದೂ ತೆಗೆಯದಿರುವುದು ಲೇಸು. ಅದನ್ನು ಹುಡುಕಿಕೊಂಡು ಬರುವವರು ಮೊದಲು ಬರುವುದು ನಿಮ್ಮಲ್ಲಿಗೇ. ಮಾಲಿಕೆಯ ನಡುವಿನ ಒಂದು ವರ್ಷದ ಸಂಪುಟವನ್ನು ಮಾತ್ರ ತೆಗೆದು ಸರಣಿ ಮುರಿಯಬೇಡಿ. ಮುಳುಗಡೆ, ಭೂಸ್ವಾಧೀನ, ನೀರಿನ ಹಂಚಿಕೆ, ಜನಗಣತಿಯ ಪ್ರಕಟಣೆಗಳನ್ನು ಹಳೆಯದೆಂದು ಬಿಡಬೇಡಿ. ಪರಿಹಾರಕ್ಕಾಗಿ ಮೂವತ್ತು ವರ್ಷ ಓಡಾಡಿದ ಕುಟುಂಬಕ್ಕೆ ಒಂದು ಗೆಜೆಟ್ಟಿನ ಪುಟವೇ ಆಸರೆಯಾಗಬಲ್ಲದು. ಕಂಪ್ಯೂಟರಿನಲ್ಲಿದೆ ಎಂಬ ಮಾತನ್ನು ನಂಬುವ ಮೊದಲು ತೆರೆದು ನೋಡಿ. ಎಲ್ಲ ಪುಟವೂ ಇದೆಯೇ, ಮಡಚಿದ ನಕ್ಷೆ ಬಿಡಿಸಿ ಪ್ರತಿ ಮಾಡಿದ್ದಾರೆಯೇ, ಕೋಷ್ಟಕದ ಅಂಕಿ ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ. ಕೊನೆಗೆ ತೆಗೆದದ್ದನ್ನು ನೋಂದಣಿ ಪುಸ್ತಕದಲ್ಲಿ ತಾರೀಖಿನೊಡನೆ ಬರೆದು, ಯಾರ ಒಪ್ಪಿಗೆಯಿಂದ, ಎಲ್ಲಿಗೆ ಹೋಯಿತು ಎಂದು ನಮೂದಿಸಿ.

ಓದುಗರಾದ ನಮ್ಮ ಪಾಲಿನ ಕೆಲಸವೂ ಇದೆ. ಗ್ರಂಥಾಲಯಕ್ಕೆ ಹೋದಾಗ ಕಾದಂಬರಿಯ ಜೊತೆಗೆ ಒಮ್ಮೆ ನಮ್ಮ ಜಿಲ್ಲೆಯ ಗೆಜೆಟಿಯರನ್ನೋ ಜನಗಣತಿಯ ಸಂಪುಟವನ್ನೋ ಕೇಳಿ ನೋಡೋಣ. ಯಾರೂ ಕೇಳದ ಪುಸ್ತಕವೇ ತಕ್ಕಡಿಗೆ ಮೊದಲು ಹೋಗುವುದು. ಎರವಲು ಪುಸ್ತಕದಲ್ಲಿ ಬೀಳುವ ಒಂದು ತಾರೀಖು ಆ ಸಂಪುಟ ಇನ್ನೂ ಬಳಕೆಯಲ್ಲಿದೆ ಎಂಬುದಕ್ಕೆ ಗ್ರಂಥಪಾಲಕರ ಕೈಯಲ್ಲಿರುವ ಸಾಕ್ಷಿಯಾಗುತ್ತದೆ.